ಪದಚರ್ಚೆ: ಮಲ್ಟಿಮೀಟರಿನ ‘ಆಪ್ಟಿಕಲ್ ಸೀರಿಯಲ್ ಪೋರ್ಟ್’ – ‘ಸರಣಿ’ ತರುವ ತೊಡಕು

ಮಾನ್ಯರೇ,

ಮಲ್ಟಿಮೀಟರ್ ತೋರಿಸುವ ಅಳತೆಗಳನ್ನು ಗಣಕದಲ್ಲಿ ದಾಖಲಿಸಿಕೊಳ್ಳುವ ಬಗೆಯನ್ನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಆಪ್ಟಿಕಲ್ ಸೀರಿಯಲ್ ಪೋರ್ಟ್’ ಎಂಬುದಕ್ಕೆ ಮೊದಲ ಕರಡಿನಲ್ಲಿ ‘ದ್ಯುತಿ ಸರಣಿ ದ್ವಾರ’ ಎಂದು ಬರೆದಿದ್ದೆ. ಈಗ ಆ ಮೂರು ಪದಗಳಲ್ಲಿ ಒಂದೂ ಉಳಿಯುವಂತೆ ಕಾಣುತ್ತಿಲ್ಲ.

ಮೊದಲು ವಸ್ತುವಿನ ವಿಚಾರ. ಯುನಿ-ಟಿ ಕಂಪನಿಯವರ ಯುಟಿ61ಇ ಮಲ್ಟಿಮೀಟರಿನ ಮೈಯಲ್ಲಿ ಒಂದು ಪುಟ್ಟ ಕಿಂಡಿಯಿದ್ದು, ಅದರ ಹಿಂದಿರುವ ಅವಕೆಂಪು ಎಲ್‌ಇಡಿ ಸೆಕೆಂಡಿಗೆ 19200 ಬಿಟ್‌ಗಳ ವೇಗದಲ್ಲಿ ಮಿನುಗುತ್ತದೆ. ಕೇಬಲ್ಲಿನ ತಲೆಯಲ್ಲಿರುವ, ಬೆಳಕನ್ನು ಗುರುತಿಸುವ ಫೋಟೋಟ್ರಾನ್ಸಿಸ್ಟರ್ ಆ ಮಿನುಗನ್ನು ಹಿಡಿದು ಗಣಕಕ್ಕೆ ದಾಟಿಸುತ್ತದೆ. ಪ್ರತಿಯೊಂದು ಅಳತೆಯೂ 14 ಬೈಟ್‌ಗಳ ಕಟ್ಟಾಗಿ ಬರುತ್ತದೆ. ಮೀಟರಿನ ಕಡ್ಡಿಗಳು 230 ವೋಲ್ಟಿನ ತಂತಿಯನ್ನು ಮುಟ್ಟಿಕೊಂಡಿರುವಾಗಲೂ ಗಣಕಕ್ಕೆ ಅಪಾಯವಾಗಬಾರದೆಂಬ ಕಾರಣಕ್ಕೆ ನಡುವೆ ತಾಮ್ರವನ್ನಿಡದೆ ಬೆಳಕನ್ನಷ್ಟೇ ಇಟ್ಟಿದ್ದಾರೆ.

ನಿಜವಾದ ತೊಡಕಿರುವುದು ‘ಸರಣಿ’ಯಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಸರಣಿ ಜೋಡಣೆ, ಸಮಾಂತರ ಜೋಡಣೆ ಎಂಬ ಪದಗಳು ಗಟ್ಟಿಯಾಗಿ ನೆಲೆನಿಂತಿವೆ: ವಿದ್ಯುತ್ ಪ್ರವಾಹವನ್ನು ಅಳೆಯಲು ಮೀಟರನ್ನು ಮಂಡಲದಲ್ಲಿ ಸರಣಿಯಾಗಿಯೂ, ವೋಲ್ಟೇಜನ್ನು ಅಳೆಯಲು ಸಮಾಂತರವಾಗಿಯೂ ಜೋಡಿಸಬೇಕೆಂಬುದನ್ನು ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಕಲಿತಿರುತ್ತಾರೆ. ಅಂಥವರ ಕೈಗೆ ಮೀಟರ್ ಕೊಟ್ಟು ‘ಇದರಲ್ಲಿ ಸರಣಿ ದ್ವಾರವಿದೆ’ ಎಂದರೆ, ಅದು ಸರಣಿಯಲ್ಲಿ ಜೋಡಿಸುವಾಗ ಕಡ್ಡಿ ಚುಚ್ಚಬೇಕಾದ ತೂತೆಂದು, ಅಂದರೆ ಆಂಪಿಯರ್ ಸಾಕೆಟ್ಟೆಂದು, ತಿಳಿದುಕೊಳ್ಳುವುದು ಸಹಜವೇ ಆಗಿದೆ. ಇಂಗ್ಲಿಷಿನಲ್ಲಿ ಸೀರೀಸ್ ಬೇರೆ, ಸೀರಿಯಲ್ ಬೇರೆ. ನಾವು ಎರಡನ್ನೂ ಒಂದೇ ಪದಕ್ಕೆ ಕಟ್ಟಿದ್ದೇವೆ. ‘ಕ್ರಮ’ ಎಂದರೆ ಕ್ರಮಸಂಖ್ಯೆಯ ನೆನಪಾಗುತ್ತದೆ. ‘ಧಾರಾವಾಹಿ’ಯಂತೂ ದೂರದರ್ಶನದ ಪಾಲಾಗಿಹೋಗಿದೆ. ಬಿಟ್‌ಗಳು ಒಂದರ ಹಿಂದೊಂದು ಬರುತ್ತವೆ ಎಂಬುದಷ್ಟೇ ಇಲ್ಲಿನ ಅರ್ಥವಾದ್ದರಿಂದ ‘ಸಾಲುಬಿಟ್’ ಎಂಬ ಜೋಡುಪದವನ್ನು ಸದ್ಯಕ್ಕೆ ಬಳಸಿದ್ದೇನೆ, ಆದರೆ ಅದು ನನ್ನ ಕಿವಿಗೇ ಇನ್ನೂ ಒಗ್ಗಿಲ್ಲ.

‘ಆಪ್ಟಿಕಲ್ ಪೋರ್ಟ್’ ಎಂಬ ಭಾಗಕ್ಕೆ ಮಾತ್ರ ಹಳೆಯ ಮನೆಗಳ ‘ಬೆಳಕಿಂಡಿ’ ಒದಗಿಬಂದೀತೆಂದು ತೋರುತ್ತದೆ. ‘ದ್ಯುತಿ’ ಎಂದೊಡನೆ ದ್ಯುತಿಸಂಶ್ಲೇಷಣೆಯೇ ನೆನಪಾಗುತ್ತದೆ. ‘ದ್ವಾರ’ ಎಂಬುದು ಅಕ್ಕಿಕಾಳಿನಷ್ಟು ಅಗಲದ ಕಿಂಡಿಗೆ ದೊಡ್ಡ ಹೆಸರಾಯಿತು. ಆದರೆ ಎರಡು ಆಕ್ಷೇಪಗಳನ್ನು ನಾನೇ ಎತ್ತಬಲ್ಲೆ. ಬೆಳಕಿಂಡಿ ಬೆಳಕನ್ನು ಒಳಗೆ ಬಿಡುತ್ತದೆ, ಈ ಮೀಟರಿನಲ್ಲಿಯಾದರೋ ಅದು ಹೊರಗೆ ಬರುತ್ತದೆ. ಮೇಲಾಗಿ ಅವಕೆಂಪು ಕಣ್ಣಿಗೆ ಕಾಣುವ ಬೆಳಕೇ ಅಲ್ಲ. ಮೊದಲನೆಯದಕ್ಕೆ ಸಮಾಧಾನವುಂಟು. ವಿದ್ಯುತ್ ಬಿಲ್ಲಿನ ಮೀಟರುಗಳ ಮುಖದಲ್ಲಿಯೂ ಇಂಥದೇ ಕಿಂಡಿಯಿರುತ್ತದೆ. ಇಂಥ ಮೀಟರುಗಳಿಗಾಗಿ ಇರುವ ಐಇಸಿ 62056-21 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಅಲ್ಲಿ ಸೆಕೆಂಡಿಗೆ 300 ಬಿಟ್‌ಗಳ ನಿಧಾನಗತಿಯಲ್ಲಿ ಮಾತು ಮೊದಲಾಗಿ, ಪ್ರಶ್ನೆ ಒಳಗೆ ಹೋಗುತ್ತದೆ, ಉತ್ತರ ಹೊರಗೆ ಬರುತ್ತದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಳುಹಿಸಿದ ಬಿಟ್‌ಗಳಲ್ಲಿ ಒಂದುಗಳ ಎಣಿಕೆ ಸರಿಯೋ ಬೆಸವೋ ಎಂದು ನೋಡಿ ತಪ್ಪು ಹಿಡಿಯುವ ‘ಪ್ಯಾರಿಟಿ’ಗೆ ಮಕ್ಕಳ ಆಟದ ‘ಸರಿಬೆಸ’ ಹೇಳಿ ಮಾಡಿಸಿದಂತಿದೆ. ಯುಟಿ61ಇ ಮೀಟರಿನದು ಬೆಸ.

ಗಣಕವು ಮೀಟರಿನಿಂದ ಅಳತೆಯನ್ನು ತೆಗೆದುಕೊಳ್ಳುವ ‘ರೀಡ್’ ಎಂಬುದಕ್ಕೆ ‘ಓದು’ ಎನ್ನುವುದು ಬರಿಯ ಅನುವಾದವೆಂದು ಮೊದಲು ಹಿಂಜರಿದು ‘ಪಡೆ’ ಎಂದು ಬರೆದಿದ್ದೆ. ಆದರೆ ಎಫ್‌ಎಸ್9721 ಚಿಪ್ ಇರುವ ಮೀಟರುಗಳು ಅಂಕಿಯನ್ನೇ ಕಳುಹಿಸುವುದಿಲ್ಲ. ಪರದೆಯ ಮೇಲೆ ಯಾವ ಯಾವ ಗೀಟುಗಳು ಮೂಡಿವೆ ಎಂಬುದನ್ನಷ್ಟೇ ಹೇಳುತ್ತವೆ. ಆ ಗೀಟುಗಳ ಆಕಾರದಿಂದ ಅದು ಮೂರೋ ಎಂಟೋ ಎಂದು ಗಣಕವೇ ಗುರುತಿಸಬೇಕು. ಅದು ಅಕ್ಷರಶಃ ಓದುವುದೇ ಆದ್ದರಿಂದ ‘ಓದು’ ಎಂಬುದನ್ನೇ ಉಳಿಸಿಕೊಂಡಿದ್ದೇನೆ.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ಸರಣಿ ಜೋಡಣೆಯೊಂದಿಗೆ ಬೆರೆಯದಂತೆ ‘ಸೀರಿಯಲ್’ ಎಂಬುದಕ್ಕೆ ಬಳಕೆಯಲ್ಲಿರುವ ಬೇರೆ ಪದವಿದ್ದರೆ ತಿಳಿಸಬೇಕು. ಇಲ್ಲವಾದರೆ ‘ಸೀರಿಯಲ್’ ಎಂದೇ ಕನ್ನಡ ಲಿಪಿಯಲ್ಲಿ ಉಳಿಸಲು ಅಡ್ಡಿಯಿಲ್ಲ. ಮನೆಯ ಹಂಚಿನ ನಡುವಿನ ಗಾಜನ್ನು ಇಂದಿಗೂ ಬೆಳಕಿಂಡಿ ಎಂದೇ ಕರೆಯುವವರಿಗೆ ಮೀಟರಿನ ಬೆಳಕಿಂಡಿ ವಿಚಿತ್ರವಾಗಿ ಕೇಳಿಸುವುದೇ ಎಂಬುದನ್ನೂ ಅಂಥವರೇ ಹೇಳಬೇಕು.