ಬಿಸಿನೀರಿನ ನಲ್ಲಿಗೆ ಆಂಟಿಫ್ರೀಜ್ ಬರುತ್ತಿಲ್ಲ (ಪಾಪ್-ಅಪ್ ಕ್ಯಾಂಪರ್)

ಪ್ರಶ್ನೆ: ಚಳಿಗಾಲಕ್ಕೆ ಕ್ಯಾಂಪರ್ (ಕಾರಿನ ಹಿಂದೆ ಎಳೆದೊಯ್ಯುವ, ಟೆಂಟಿನಂತೆ ಬಿಚ್ಚಿ ಮಡಚುವ ಗಾಡಿ) ಮುಚ್ಚಿಡಬೇಕು. ನೀರೆಲ್ಲ ಖಾಲಿ ಮಾಡಿ, ಪೈಪು ಹೆಪ್ಪುಗಟ್ಟಿ ಒಡೆಯದಿರಲಿ ಎಂದು ಪಂಪ್ ಹಾಕಿ ಗುಲಾಬಿ ಆಂಟಿಫ್ರೀಜ್ ಬಿಡುತ್ತಿದ್ದೇನೆ. ತಣ್ಣೀರಿನ ನಲ್ಲಿಯಲ್ಲಿ ಗುಲಾಬಿ ಬಣ್ಣ ಬಂತು. ಬಿಸಿನೀರಿನದರಲ್ಲಿ ಬರೀ ಗಾಳಿ. ಒಂದು ಕ್ಯಾನ್ ಮುಗಿಯಿತು, ಎಲ್ಲೂ ಸೋರಿಲ್ಲ. ಹೋಗುತ್ತಿರುವುದು ಎಲ್ಲಿಗೆ?

ಉತ್ತರ: ಹೀಟರ್ ಟ್ಯಾಂಕಿಗೆ. ಅದು ತುಂಬುವ ತನಕ ನಲ್ಲಿಗೆ ಬರುವುದಿಲ್ಲ. 6 ಗ್ಯಾಲನ್ ಹೀಟರ್ ಅಂದರೆ ಸುಮಾರು 23 ಲೀಟರ್, ಸುಮ್ನೆ ದಂಡ. ಪಂಪ್ ನಿಲ್ಲಿಸಿ, ಹೀಟರ್ ಹಿಂದೆ ಬೈಪಾಸ್ ವಾಲ್ವ್ (ಟ್ಯಾಂಕನ್ನು ಬಿಟ್ಟು ನೇರ ನಲ್ಲಿಗೆ ಹರಿಸುವುದು) ಹುಡುಕಿ. ಮೂರು ವಾಲ್ವ್ ಇದ್ದರೆ ಟ್ಯಾಂಕಿಗೆ ಹೋಗುವ, ಬರುವ ಎರಡನ್ನೂ ಮುಚ್ಚಿ, ನಡುವಿನದನ್ನು ತೆರೆಯಿರಿ. ಟ್ಯಾಂಕನ್ನು ಖಾಲಿ ಮಾಡಿದರೆ ಸಾಕು. ಹೀಟರ್ ಪೂರ್ತಿ ತಣ್ಣಗಾಗಿರಬೇಕು, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿದ ಮೇಲೆಯೇ ಡ್ರೈನ್ ಪ್ಲಗ್ ಬಿಚ್ಚಿ. ಖಾಲಿ ಹೀಟರ್‌ಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಸುಟ್ಟುಹೋಗುತ್ತದೆ, ಸ್ವಿಚ್ ಮೇಲೆ ಟೇಪ್ ಅಂಟಿಸಿಬಿಡಿ.

ಪ್ರಶ್ನೆ: ಒಂದೇ ವಾಲ್ವ್ ಇದೆ. ತಿರುಗಿಸಿದೆ, ಈಗ ಬಿಸಿನೀರಿನ ನಲ್ಲಿಗೂ ಬಂತು. ಆದರೆ ಡ್ರೈನ್ ತೂತಿನಿಂದ ಗುಲಾಬಿ ನೀರು ಸುರಿಯುತ್ತಲೇ ಇದೆ.

ಉತ್ತರ: ಒಂದು ವಾಲ್ವ್ ಇರುವ ಕಡೆ, ಟ್ಯಾಂಕಿನ ಬಿಸಿನೀರಿನ ಬಾಯಲ್ಲಿ ಚೆಕ್ ವಾಲ್ವ್ ಇರುತ್ತದೆ. ವಾಪಸ್ ಹರಿಯದಂತೆ ತಡೆಯುವುದು ಅದರ ಕೆಲಸ. ಕಸ ಸಿಕ್ಕಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ. ಹನಿ ಹನಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಧಾರೆಯಾಗಿ ಸುರಿದರೆ ಬದಲಿಸಿ, ಅಥವಾ ಆ ಜಾಗದಲ್ಲಿ ಕೈಯಲ್ಲಿ ತಿರುಗಿಸುವ ವಾಲ್ವ್ ಹಾಕಿ. ನನಗಂತೂ ಎರಡನೆಯದೇ ಮೇಲು.

ಹೊರಗಿನ ಶವರ್ ಇದ್ದರೆ ಮರೆಯಬೇಡಿ. ಒಡೆಯುವುದು ಜಾಸ್ತಿ ಅದೇ, ಅಲ್ವಾ! ಸಿಂಕಿನ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ ಸುರಿಯಿರಿ. ಕಾರಿನ ಆಂಟಿಫ್ರೀಜ್ ಮಾತ್ರ ಬೇಡ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ವಿಷ. ನಿಮಗೆ ಬೇಕಾದ್ದು ಕುಡಿಯುವ ನೀರಿನ ಪೈಪಿಗೆ ಹಾಕಬಹುದು ಎಂದು ಬರೆದಿರುವ ಪ್ರೊಪಿಲೀನ್ ಗ್ಲೈಕಾಲ್.

ಇನ್ನೊಬ್ಬರ ಉತ್ತರ: ಪೈಪ್ ಆಯಿತು, ಟೆಂಟ್ ಬಟ್ಟೆ? ಬಿಸಿಲಿರುವ ದಿನ ನೋಡಿ ಮಡಚಿ. ಹೊಲಿಗೆ, ಝಿಪ್, ಹಾಸಿಗೆಯ ಅಡಿಭಾಗ ಮುಟ್ಟಿ ನೋಡಿ. ಸ್ವಲ್ಪ ತೇವ ಉಳಿದರೂ ಬೂಷ್ಟು ಹಿಡಿಯುತ್ತದೆ. ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಗಾಳಿಯಾಡುವ ಹೊದಿಕೆ ತೆಗೆದುಕೊಳ್ಳಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಬಿಚ್ಚಿಡಿ. ಚಾರ್ಜ್ ಇಳಿದ ಲೆಡ್-ಆಸಿಡ್ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುತ್ತದೆ.

ಪ್ರಶ್ನೆ ಕೇಳಿದವರು: ಚೆಕ್ ವಾಲ್ವ್ ಬಿಚ್ಚಿದೆ. ಒಳಗೆ ಬಿಳಿ ಸುಣ್ಣದ ಚೂರು ಸಿಕ್ಕಿಕೊಂಡಿತ್ತು. ತೊಳೆದು ಹಾಕಿದ ಮೇಲೆ ಸುರಿಯುವುದು ನಿಂತಿದೆ.