ಒಂದೇ ಹೆಸರಿನ ಇಬ್ಬರು ಪ್ರಸಿದ್ಧರಿದ್ದರೆ ಹೆಸರು ಬದಲಿಸಿಕೊಳ್ಳಬೇಕಾದವರು ಯಾರು?

ಪ್ರಶ್ನೆ: ಕಿರುಪರಿಚಯ

ವಿದ್ಯಾರ್ಥಿಗಳಿಗಾಗಿ ಪ್ರಸಿದ್ಧ ವ್ಯಕ್ತಿಗಳ ಪರಿಚಯ ಲೇಖನಗಳನ್ನು ಸಿದ್ಧಪಡಿಸುವಾಗ ನನಗೆ ಪದೇ ಪದೇ ಎದುರಾಗುವ ತೊಡಕೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಫ್ರಾನ್ಸಿಸ್ ಬೇಕನ್ ಎಂಬ ಹೆಸರಿನಲ್ಲಿ 1561ರಿಂದ 1626ರವರೆಗೆ ಬದುಕಿದ್ದ ಇಂಗ್ಲೆಂಡಿನ ತತ್ತ್ವಜ್ಞಾನಿ ಒಬ್ಬರಿದ್ದಾರೆ, 1909ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಚಿತ್ರಕಾರ ಇನ್ನೊಬ್ಬರಿದ್ದಾರೆ. ನಡುವೆ ಮೂರು ಶತಮಾನಗಳ ಅಂತರವಿರುವುದರಿಂದ ಇಲ್ಲಿ ಗೊಂದಲಕ್ಕೆ ಅಷ್ಟಾಗಿ ಎಡೆಯಿಲ್ಲ. ಎಲಿಜಬೆತ್ ಟೇಲರ್ ಅವರ ವಿಷಯ ಹಾಗಲ್ಲ. ಮದುವೆಯಿಂದ ಟೇಲರ್ ಎಂಬ ಹೆಸರು ಪಡೆದ ಇಂಗ್ಲಿಷ್ ಲೇಖಕಿ (1912–1975) ತಮ್ಮ ಮೊದಲ ಕಾದಂಬರಿಯನ್ನು 1945ರಲ್ಲಿ ಪ್ರಕಟಿಸುವ ಹೊತ್ತಿಗೆ, ಅದೇ ಹೆಸರಿನ ನಟಿ (1932–2011) ಹದಿಮೂರರ ಹರೆಯದಲ್ಲೇ ಚಿತ್ರರಂಗದಲ್ಲಿ ಹೆಸರಾಗುತ್ತಿದ್ದರು. ಆ ಲೇಖಕಿಯನ್ನು ಇಂದಿಗೂ ‘ನಟಿಯಲ್ಲ, ಬೇರೆಯವರು’ ಎಂಬ ಪೀಠಿಕೆಯೊಂದಿಗೇ ಪರಿಚಯಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಸಮಕಾಲೀನರಾದ ಇಬ್ಬರಲ್ಲಿ ಯಾರು ಹೆಸರು ಬದಲಿಸಿಕೊಳ್ಳಬೇಕೆಂಬುದಕ್ಕೆ ಏನಾದರೂ ರೂಢಿ ಇದೆಯೇ? ಎಂದೋ ತೀರಿಹೋದವರನ್ನು ಬೇರ್ಪಡಿಸುವ ಹೊಣೆ ಯಾರದು?

ಉತ್ತರ: ಹಳೆಯ ಪತ್ರ

ಇದಕ್ಕೆ ವಿನ್‌ಸ್ಟನ್ ಚರ್ಚಿಲ್ ಎಂಬ ಹೆಸರಿನ ಇಬ್ಬರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಚರ್ಚಿಲ್ ಹುಟ್ಟಿದ್ದು 1871ರಲ್ಲಿ, ಬ್ರಿಟನ್ನಿನ ಚರ್ಚಿಲ್ ಹುಟ್ಟಿದ್ದು 1874ರಲ್ಲಿ. ಇಬ್ಬರ ನಡುವೆ ಯಾವ ನೆಂಟಸ್ತಿಕೆಯೂ ಇರಲಿಲ್ಲ. 1899ರಲ್ಲಿ ಅಮೆರಿಕದವರು ‘ರಿಚರ್ಡ್ ಕಾರ್ವೆಲ್’ ಎಂಬ ಕಾದಂಬರಿಯಿಂದ ಮನೆಮಾತಾಗಿದ್ದರು. ಬ್ರಿಟನ್ನಿನವರು ಆಗಿನ್ನೂ ಇಪ್ಪತ್ತನಾಲ್ಕರ ಯುವಕ. ಯುದ್ಧ ವರದಿಗಳನ್ನು ಬರೆದು ಒಂದಿಷ್ಟು ಗಮನ ಸೆಳೆದಿದ್ದರು, ತಮ್ಮದೂ ಒಂದು ಕಾದಂಬರಿಯನ್ನು ಪ್ರಕಟಣೆಗೆ ಅಣಿಗೊಳಿಸುತ್ತಿದ್ದರು. ಓದುಗರು ಒಬ್ಬರ ಪುಸ್ತಕವನ್ನು ಇನ್ನೊಬ್ಬರದೆಂದು ತಿಳಿಯುವ ಅಪಾಯವನ್ನು ಮನಗಂಡು ಅವರೇ ಮೊದಲು ಪತ್ರ ಬರೆದರು. ಬರೆದವರ ಹೆಸರೂ ಪಡೆದವರ ಹೆಸರೂ ಒಂದೇ ಆಗಿದ್ದ ಆ ಪತ್ರದಲ್ಲಿ, ಇನ್ನು ಮುಂದೆ ತಮ್ಮ ಬರಹಗಳಿಗೆಲ್ಲ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಮಾಡುವುದಾಗಿ ತಿಳಿಸಿದರು. ತಮಗೆ ಬೇರೆ ಹೆಸರಿದ್ದಿದ್ದರೆ ತಾವೂ ಅದನ್ನು ಬಳಸುತ್ತಿದ್ದುದಾಗಿ ಅಮೆರಿಕದವರು ಅಷ್ಟೇ ಸೌಜನ್ಯದಿಂದ ಉತ್ತರಿಸಿದರು. ಮುಂದಿನ ವರ್ಷ ಬಾಸ್ಟನ್ ನಗರದಲ್ಲಿ ಇಬ್ಬರ ಭೇಟಿಯೂ ಆಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಅಂದು ಬಿಟ್ಟುಕೊಟ್ಟವರು ಮುಂದೆ ಎರಡು ಬಾರಿ ಪ್ರಧಾನಿಯಾದರು, 1953ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಆದರೂ ಅವರ ಪುಸ್ತಕಗಳ ಮೇಲೆ ‘ವಿನ್‌ಸ್ಟನ್ ಎಸ್. ಚರ್ಚಿಲ್’ ಎಂಬ ಹೆಸರೇ ಉಳಿದುಕೊಂಡಿತು. 1947ರಲ್ಲಿ ತೀರಿಕೊಂಡ ಆ ಕಾದಂಬರಿಕಾರರನ್ನು ಇಂದು ಬಲ್ಲವರು ವಿರಳ. ಆದರೆ ಆ ಒಂದು ಅಕ್ಷರ ಅವರ ಕಾರಣದಿಂದಲೇ ಅಲ್ಲಿ ನಿಂತಿದೆ. ಆ ರಂಗಕ್ಕೆ ಮೊದಲು ಬಂದವರಿಗೆ ಹೆಸರು ಸಲ್ಲಬೇಕು, ತಡವಾಗಿ ಬಂದವರು ಒಂದು ಅಕ್ಷರವನ್ನಾದರೂ ಸೇರಿಸಿಕೊಳ್ಳಬೇಕು ಎಂಬುದು ನ್ಯಾಯವಾದ ರೂಢಿ ಎಂದು ನಾನು ನಂಬುತ್ತೇನೆ.

ಉತ್ತರ: ಬೆಳ್ಳಿತೆರೆ

ಅಲ್ಲಿ ಸೌಜನ್ಯದಿಂದ ನಡೆದದ್ದು ನಟರ ವಿಷಯದಲ್ಲಿ ನಿಯಮವೇ ಆಗಿದೆ. ಅಮೆರಿಕದ ನಟರ ಸಂಘದಲ್ಲಿ ಈಗಾಗಲೇ ಒಬ್ಬರು ಬಳಸುತ್ತಿರುವ ಹೆಸರನ್ನು ಹೊಸಬರು ವೃತ್ತಿನಾಮವಾಗಿ ಬಳಸುವಂತಿಲ್ಲ. ಮೈಕೆಲ್ ಕೀಟನ್ ಅವರ ಹುಟ್ಟುಹೆಸರು ಮೈಕೆಲ್ ಡಗ್ಲಸ್; ಆ ಹೆಸರಿನ ನಟ ಆಗಲೇ ಇದ್ದುದರಿಂದ ಅವರು ಕೀಟನ್ ಆದರು. ಮೈಕೆಲ್ ಜೆ. ಫಾಕ್ಸ್ ಅವರ ನಡುವಿನ ಹೆಸರು ಆಂಡ್ರ್ಯೂ. ಹಿರಿಯ ನಟರೊಬ್ಬರು ಮೈಕೆಲ್ ಫಾಕ್ಸ್ ಎಂಬ ಹೆಸರಿನಲ್ಲಿ ಇದ್ದುದರಿಂದಲೇ ಅವರು ‘ಜೆ’ ಅಕ್ಷರವನ್ನು ಆರಿಸಿಕೊಂಡರು. ಸಂಗೀತದಲ್ಲಿ ಡೇವಿಡ್ ಜೋನ್ಸ್ ಎಂಬ ಯುವಕ, ‘ಮಂಕೀಸ್’ ತಂಡದ ಡೇವಿ ಜೋನ್ಸ್ ಜೊತೆ ಗೊಂದಲವಾಗದಿರಲೆಂದು ಡೇವಿಡ್ ಬೋವಿ ಆದರು. ಕ್ಷೇತ್ರ ಬೇರೆಯಾದರೆ ಬದಲಾವಣೆಯ ಒತ್ತಡ ಅಷ್ಟಿರುವುದಿಲ್ಲ. ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ ಮತ್ತು ಯಂತ್ರಕಲಿಕೆಯ (ಮೆಷಿನ್ ಲರ್ನಿಂಗ್) ವಿದ್ವಾಂಸ ಮೈಕೆಲ್ ಐ. ಜೋರ್ಡನ್ ಇಬ್ಬರೂ ತಮ್ಮ ತಮ್ಮ ಲೋಕದಲ್ಲಿ ನೆಮ್ಮದಿಯಾಗಿದ್ದಾರೆ.

ಉತ್ತರ: ಓಲೆಗರಿ

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಕಷ್ಟದ್ದು. ಜೀವಂತ ವ್ಯಕ್ತಿ ತಾನೇ ಪತ್ರ ಬರೆಯಬಲ್ಲ. ಹಿಂದಿನವರಿಗೆ ಆ ಅವಕಾಶವಿಲ್ಲ. ‘ಒಂದನೆಯ ಭಾಸ್ಕರ’, ‘ಎರಡನೆಯ ಭಾಸ್ಕರ’ ಎಂಬ ಸಂಖ್ಯೆಗಳನ್ನು ಆ ಇಬ್ಬರು ಗಣಿತಜ್ಞರು ತಾವಾಗಿ ಇಟ್ಟುಕೊಂಡವರಲ್ಲ, ಇತಿಹಾಸಕಾರರು ಕೊಟ್ಟದ್ದು. ಮೊದಲನೆಯವರು ಏಳನೆಯ ಶತಮಾನದವರು, 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದರು, ಜ್ಯಾ (ಸೈನ್) ಬೆಲೆಯನ್ನು ಕೋಷ್ಟಕದ ನೆರವಿಲ್ಲದೆ ಅಂದಾಜಿಸುವ ಸೊಗಸಾದ ಸೂತ್ರವನ್ನು ಕೊಟ್ಟರು. 1114ರಲ್ಲಿ ಹುಟ್ಟಿದ ಎರಡನೆಯವರು ‘ಲೀಲಾವತಿ’ಯ ಕರ್ತೃ. ಸಾಮಾನ್ಯ ಲೇಖನಗಳಲ್ಲಿ ಆ ಸೂತ್ರವೂ ಲೀಲಾವತಿಯ ಭಾಸ್ಕರಾಚಾರ್ಯರ ಪಾಲಿಗೇ ಹೋಗಿಬಿಟ್ಟರೆ, ಅಧಿಕ ಪ್ರಸಿದ್ಧರಾದವರ ಖಾತೆಗೆ ಮತ್ತೊಬ್ಬರ ಗಳಿಕೆ ಸದ್ದಿಲ್ಲದೆ ಜಮೆಯಾದಂತೆ. 1979 ಮತ್ತು 1981ರಲ್ಲಿ ಉಡಾವಣೆಯಾದ ಭಾರತದ ಉಪಗ್ರಹಗಳಿಗೂ ಭಾಸ್ಕರ-1, ಭಾಸ್ಕರ-2 ಎಂದೇ ಹೆಸರಿರುವುದರಿಂದ ಹುಡುಕುವವರಿಗೆ ತೊಡಕು ಇನ್ನಷ್ಟು ಹೆಚ್ಚುತ್ತದೆ.

ಕನ್ನಡದಲ್ಲಿಯೂ ಇಬ್ಬರು ನಾಗವರ್ಮರಿದ್ದಾರೆ. ‘ಛಂದೋಂಬುಧಿ’ ಒಬ್ಬರದು, ‘ಕಾವ್ಯಾವಲೋಕನ’ ಮತ್ತು ‘ಕರ್ಣಾಟಕ ಭಾಷಾಭೂಷಣ’ ಇನ್ನೊಬ್ಬರದು. ಒಬ್ಬರು ಛಂದಸ್ಸಿನ ಬಗ್ಗೆಯೂ ಇನ್ನೊಬ್ಬರು ಅಲಂಕಾರ ಮತ್ತು ವ್ಯಾಕರಣದ ಬಗ್ಗೆಯೂ ಬರೆದಿರುವುದರಿಂದ, ಇವೆಲ್ಲವೂ ಒಬ್ಬನೇ ಪಂಡಿತನ ಕೃತಿಗಳೆಂದು ಭಾವಿಸುವುದು ಬಹಳ ಸುಲಭ. ಇಂಥ ಕಡೆ ಕೃತಿಯಿಂದ ಕವಿಯನ್ನು ಗುರುತಿಸಬೇಕೇ ಹೊರತು ಬರಿಯ ಹೆಸರಿನಿಂದಲ್ಲ.

ಪ್ರಶ್ನೆ ಕೇಳಿದವರು: ಕಿರುಪರಿಚಯ

ಎಲ್ಲರಿಗೂ ಕೃತಜ್ಞತೆಗಳು. ಭಾಸ್ಕರರ ಉದಾಹರಣೆ ನನ್ನ ಕೆಲಸಕ್ಕೆ ನೇರವಾಗಿ ಒದಗುತ್ತದೆ. ಹಾಗಾದರೆ ಶೀರ್ಷಿಕೆಯಲ್ಲಿ ಹೆಸರಿನ ಪಕ್ಕ ಏನನ್ನು ನಮೂದಿಸುವುದು ಉತ್ತಮ: ವೃತ್ತಿಯನ್ನೋ, ಇಸವಿಯನ್ನೋ?

ಉತ್ತರ: ಗ್ರಂಥಸೂಚಿ

ಗ್ರಂಥಾಲಯಗಳ ಸೂಚಿಗಳಲ್ಲಿ ಹುಟ್ಟಿದ ಮತ್ತು ತೀರಿಕೊಂಡ ಇಸವಿಗಳನ್ನು ಹೆಸರಿಗೆ ಸೇರಿಸುವ ಪದ್ಧತಿ ಬಹಳ ಕಾಲದಿಂದ ಇದೆ. ವೃತ್ತಿ ಬದಲಾಗಬಹುದು, ಒಬ್ಬರಿಗೆ ಎರಡು ವೃತ್ತಿಗಳೂ ಇರಬಹುದು. ಅಮೆರಿಕದ ಚರ್ಚಿಲ್ ಕೂಡ ಕಾದಂಬರಿಕಾರರಾಗಿದ್ದುಕೊಂಡೇ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶಾಸಕರಾಗಿದ್ದರು, ಆದ್ದರಿಂದ ಅಲ್ಲಿ ‘ರಾಜಕಾರಣಿ’ ಎಂದಷ್ಟೇ ಬರೆದರೆ ಇಬ್ಬರೂ ಬೇರೆಯಾಗುವುದೇ ಇಲ್ಲ. ಇಸವಿ ಗೊತ್ತಿದ್ದರೆ ಇಸವಿಯನ್ನು ಕೊಡಿ, ನಾಗವರ್ಮರಂತೆ ಕಾಲನಿರ್ಣಯವೇ ಚರ್ಚೆಯಲ್ಲಿರುವ ಕಡೆ ಮುಖ್ಯ ಕೃತಿಯನ್ನು ಹೆಸರಿಸಿ. ಇಂದಿನ ಸಂಶೋಧಕರಿಗೆ 2012ರಿಂದ ಆರ್ಕಿಡ್ (ORCID) ಎಂಬ ಹದಿನಾರು ಅಂಕಿಗಳ ಗುರುತುಸಂಖ್ಯೆ ಸಿಗುತ್ತಿದೆ. ಅಂಥವರ ಪರಿಚಯ ಬರೆಯುವಾಗ ಅದನ್ನೂ ಸೇರಿಸಬಹುದು. ಎಲಿಜಬೆತ್ ಟೇಲರ್ ಅವರ ಪುಟವನ್ನು ಮಾತ್ರ ದಯವಿಟ್ಟು ಅವರ ಕಾದಂಬರಿಗಳಿಂದಲೇ ಆರಂಭಿಸಿ, ನಟಿಯ ಪ್ರಸ್ತಾಪ ಕೊನೆಯ ಸಾಲಿನಲ್ಲಿ ಬಂದರೆ ಸಾಕು.