ಹುಳುಕಡ್ಡಿ: ಕೌಂಟ್ 8,200 ಇದ್ದರೂ ಹೋಗ್ತಿಲ್ಲ, ಅನುಭವ ಇದ್ದವರು ಹೇಳಿ

ಮಳೆಹುಡುಗ: ತೊಡೆಸಂದಿನಲ್ಲಿ ಹುಳುಕಡ್ಡಿ, 4 ತಿಂಗಳಾಯಿತು. ಬಿಳಿ ರಕ್ತಕಣ ಗಟ್ಟಿಯಿದ್ದರೆ ತಾನಾಗೇ ಹೋಗುತ್ತೆ ಅಂತಾರೆ ಅಮ್ಮ. ರಿಪೋರ್ಟಿನಲ್ಲಿ ಕೌಂಟ್ 8,200. ಡಾಕ್ಟರು 6 ವಾರ ಮಾತ್ರೆ ಬರೆದಿದ್ದಾರೆ. ನುಂಗಲಾ, ಕಾಯಲಾ?

ಕೆರೆದುಸುಸ್ತು: ನನ್ನ ಕಥೆ ಕೇಳಿ. ಮೆಡಿಕಲ್ ಶಾಪಿನವನು ಕೊಟ್ಟ ಮಿಕ್ಸ್ ಟ್ಯೂಬ್, 95 ರೂಪಾಯಿ. ಎರಡೇ ದಿನಕ್ಕೆ ತುರಿಕೆ ಮಾಯ. ನಿಲ್ಲಿಸಿದ ವಾರಕ್ಕೆ ದುಪ್ಪಟ್ಟು. ಹೀಗೇ 13 ಟ್ಯೂಬ್, 1,235 ರೂಪಾಯಿ. ಆಮೇಲೆ ಚರ್ಮದ ಡಾಕ್ಟರು ಬಿಡಿಸಿ ಹೇಳಿದರು, ಅದರಲ್ಲಿ ಸ್ಟೀರಾಯ್ಡ್ ಇತ್ತು. ಆ ಕೆಂಪು ಅಂಚು, ಉರಿ ಎಲ್ಲ ಬಿಳಿ ರಕ್ತಕಣ ಕಾದಾಡುವ ಗುರುತು. ಸ್ಟೀರಾಯ್ಡ್ ಅವನ್ನೇ ಮಲಗಿಸುತ್ತೆ, ಫಂಗಸ್ ಹಾಯಾಗಿ ಹಬ್ಬುತ್ತೆ. ತೊಡೆಯ ಮೇಲೆ ಈಗಲೂ ಬಾಣಂತಿ ಹೊಟ್ಟೆಯ ಹಾಗೆ ಗೆರೆಗಳಿವೆ.

ಬೇವಿನಮರ: ನಾನು ಮಾತ್ರೆ ಮುಟ್ಟಲೇ ಇಲ್ಲ. ಬೇವಿನಸೊಪ್ಪು, ಅರಿಶಿನ. 2 ತಿಂಗಳಲ್ಲಿ ಹೋಯಿತು. ದೇಹಕ್ಕೇ ಶಕ್ತಿ ಇದೆ ಸ್ವಾಮಿ, 13 ಟ್ಯೂಬ್ ಬಳಿದುಕೊಳ್ಳೋಕೆ ಯಾರು ಹೇಳಿದ್ದು?

ಲ್ಯಾಬ್‌ಅಕ್ಕ: ಹೋಯಿತೋ ಅಡಗಿತೋ? ಚರ್ಮ ಕೆರೆದು ಗಾಜಿನ ಮೇಲಿಟ್ಟು ಕೆಓಎಚ್ ಅನ್ನೋ ಕ್ಷಾರದ ಹನಿ ಹಾಕಿ ನೋಡೋದು ನನ್ನ ದಿನದ ಕೆಲಸ. ಚರ್ಮದ ಹೊಟ್ಟು ಕರಗಿದ ಮೇಲೆ ಕವಲೊಡೆದ ದಾರದಂಥ ಫಂಗಸ್ ಕಾಣುತ್ತೆ. ಅದು ಕೂತಿರೋದು ಮೇಲಿನ ಸತ್ತ ಪದರದಲ್ಲಿ, ಚರ್ಮದ ಕೆರಾಟಿನ್ ಅನ್ನೋ ಪ್ರೋಟೀನ್ ತಿಂದುಕೊಂಡು. ಅಲ್ಲಿ ರಕ್ತನಾಳವೇ ಇಲ್ಲ. ಬಿಳಿ ರಕ್ತಕಣದಲ್ಲೇ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳು ಕೆಳಗಿನಿಂದ ತೂರಿಕೊಂಡು ಬರಬೇಕು. ಬನ್ನಿ ಅಂತ ಕೂಗೋದರಲ್ಲಿ ಟಿ ಕೋಶ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಪಾಲು ಜಾಸ್ತಿ. ಕೌಂಟ್ 8,200 ಅಂದರೆ ರಕ್ತದಲ್ಲಿ ಎಷ್ಟಿವೆ ಅಂತ ಅಷ್ಟೇ. ತೊಡೆಸಂದಿಗೆ ಎಷ್ಟು ಬಂದವು ಅಂತ ಅಲ್ಲ.

ಸಕ್ಕರೆಅಂಗಡಿ: ಕೌಂಟ್ ನನಗೂ ನಾರ್ಮಲ್ಲೇ ಇತ್ತು. ಶುಗರ್ ಮಾತ್ರ 290! ಶುಗರ್ ಏರಿದರೆ ನ್ಯೂಟ್ರೋಫಿಲ್ ಇದ್ದೂ ಮಂಕು ಹಿಡಿದಂಗೆ. ಫಂಗಸ್‌ಗೆ ಅಂತ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಶುರು ಮಾಡಿದೆ. ಜೊತೆಗೇ ದಿನಾ ಹೊಟ್ಟೆಯ ಹುಳಿ ತಗ್ಗಿಸೋ ಗ್ಯಾಸ್ ಮಾತ್ರೆ. ಹೊಟ್ಟೆಯಲ್ಲಿ ಹುಳಿ ಇಲ್ಲದಿದ್ದರೆ ಆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತಲ್ಲವಂತೆ. 3 ವಾರ ದಂಡ, 1,100 ರೂಪಾಯಿ ನೀರುಪಾಲು. ಮತ್ತೆ ಮೊದಲಿಂದ.

ಬೇವಿನಮರ: ಅದಕ್ಕೇ ಹೇಳಿದ್ದು. ಲ್ಯಾಬ್‌ನವರಿಗೆ ಗಿರಾಕಿ ಬೇಕು, ನಮ್ಮನ್ನು ಹೆದರಿಸ್ತಾರೆ.

ಲ್ಯಾಬ್‌ಅಕ್ಕ: ನಾನು ಸಂಬಳಕ್ಕೆ ಇರೋದು ಅಣ್ಣ. ನೀವು ಕೆರೆಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಕೆರೆದುಸುಸ್ತು: ಬೇವಿನಮರದವರೇ, ಹೋದ ಆಷಾಢದಲ್ಲಿ ಇಲ್ಲೇ "ಮತ್ತೆ ಬಂತು, ಏನು ಮಾಡಲಿ" ಅಂತ ಬರೆದಿದ್ದು ಯಾರು?

ಬೇವಿನಮರ: ಅದು ಸೊಂಟದ್ದು. ಬೇರೆ.